ದುಡಿಯುವವನ ಮನಸ್ಸು, ದುಡಿಸಿಕೊಳ್ಳುವವನ ಹೊಣೆ

ಹತ್ತಿಯ ಜಿನ್ನಿನಲ್ಲಿ ಕೆಲಸಗಾರನ ಬೆರಳು ಸಿಕ್ಕು ಜಜ್ಜಿಹೋದರೆ ಮಾಲಕನು ಒಡನೆಯೇ ಗಾಡಿ ಮಾಡಿ ಅವನನ್ನು ದವಾಖಾನೆಗೆ ಕಳಿಸುತ್ತಾನೆ. ಗಾಯ ಮಾಯುವ ವರೆಗೆ ಅವನು ಯಂತ್ರದ ಮುಂದೆ ನಿಲ್ಲಲಾರನೆಂಬುದು ಎಲ್ಲರಿಗೂ ಒಪ್ಪಿಗೆಯಾದ ಮಾತು. ಇಂಥ ಅಪಘಾತಕ್ಕೆ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ ೧೯೨೩ರಷ್ಟು ಹಿಂದೆಯೇ ಬಂದಿತು. ಆದರೆ ಅದೇ ಕೆಲಸಗಾರನು, ಹತ್ತೂ ಬೆರಳು ನೆಟ್ಟಗಿದ್ದು, ಮನಸ್ಸು ಕುಸಿದು, ಮೂರು ದಿನ ಕೆಲಸಕ್ಕೆ ಬಾರದೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರೆ ಅವನಿಗೆ ದೊರೆಯುವ ಹೆಸರೇ ಬೇರೆ. ಸೋಮಾರಿ, ಮೈಗಳ್ಳ, ಸೊಕ್ಕಿನವ. ಮಾಲಕನೂ ಹಾಗೆನ್ನುತ್ತಾನೆ, ಜೊತೆಯವರೂ ಹಾಗೆನ್ನುತ್ತಾರೆ. ಕಡೆಗೆ ಅವನೂ ತಾನು ಹಾಗೆಯೇ ಇರಬೇಕೆಂದು ನಂಬಿಬಿಡುತ್ತಾನೆ.

ಮನಸ್ಸಿನ ತೊಂದರೆಗಳಲ್ಲಿ ಖಿನ್ನತೆ ಹಾಗೂ ಎ.ಡಿ.ಎಚ್.ಡಿ. ಎಂಬ ಎರಡನ್ನು ಆರಿಸಿಕೊಂಡು, ಅವುಗಳಿಂದ ಬಳಲುವ ನೌಕರನಿಗೆ ಕೆಲಸ ಕೊಟ್ಟವರು ಯಾವ ರೀತಿ ನೆರವಾಗಬಲ್ಲರೆಂಬುದನ್ನು ವಾಚಕರ ಮುಂದೆ ಇಡುವದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬರುವ ವರ್ಷ ನಾವೆಲ್ಲ ಯಾವುದಾದರೊಂದು ಕಚೇರಿಯ, ಅಂಗಡಿಯ, ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವವರೇ. ನಮ್ಮಲ್ಲಿ ಕೆಲವರು ಮುಂದೆ ನಾಲ್ಕು ಜನರ ಮೇಲ್ವಿಚಾರಕರೂ ಆಗಬಹುದು. ಆದುದರಿಂದ ವಿಷಯವು ಎರಡೂ ಕಡೆಯಿಂದ ನಮ್ಮದೇ ಆಗಿದೆ.

ಮೊದಲು ಖಿನ್ನತೆಯನ್ನು ನೋಡೋಣ. ಬೇಸರವೇ ಬೇರೆ, ಖಿನ್ನತೆಯೇ ಬೇರೆ. ಮಳೆ ಕೈಕೊಟ್ಟಾಗ, ಮನೆಯಲ್ಲಿ ಸಾವಾದಾಗ ಯಾರಿಗಾದರೂ ಬೇಸರವಾಗುವದು ಸಹಜ. ಆದರೆ ಎರಡು ವಾರಗಳಾದರೂ, ದಿನದ ಹೆಚ್ಚಿನ ಹೊತ್ತು, ಮನಸ್ಸು ಕುಗ್ಗಿಯೇ ಇದ್ದು, ಮೊದಲು ಹಿತವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದೆ, ನಿದ್ರೆ ಆಹಾರಗಳು ಕೆಟ್ಟು, ಚಿಕ್ಕ ನಿರ್ಣಯ ಮಾಡಲೂ ಆಗದೆ, ನಾನು ಯಾರಿಗೂ ಬೇಡವಾದವನೆಂಬ ಭಾವನೆ ಬಲಿಯತೊಡಗಿದರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ನಮ್ಮ ಕಡೆಯ ಜನ ಮನಸ್ಸಿನ ಮಾತನ್ನು ಮೈಯ ಮಾತಿನಲ್ಲಿ ಹೇಳುವದೇ ಹೆಚ್ಚು. ತಲೆನೋವು, ಎದೆ ಭಾರ, ಕೈಕಾಲಿನಲ್ಲಿ ಕಸುವಿಲ್ಲ ಎನ್ನುತ್ತಾರೆ. ಮೈಯ ಪರೀಕ್ಷೆ ಮಾಡಿಸಿದರೆ ಏನೂ ಕಾಣುವದಿಲ್ಲ. ಆಗ ಮಾಲಕನ ಸಂಶಯ ಇನ್ನೂ ಗಟ್ಟಿಯಾಗುತ್ತದೆ. ೨೦೧೫-೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಿಂದ, ವಯಸ್ಕರಲ್ಲಿ ೨೦ ಜನರಿಗೆ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ತುತ್ತಾಗುವರೆಂದು ತಿಳಿದುಬಂದಿತು. ಮನೋವ್ಯಾಧಿಯುಳ್ಳವರಲ್ಲಿ ೧೦೦ಕ್ಕೆ ೮೦ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಲ್ಲದೆಯೇ ಇದ್ದರೆಂಬುದು ಅದೇ ಸಮೀಕ್ಷೆಯ ಇನ್ನೊಂದು ಮಾತು. ೪೦ ಜನರು ದುಡಿಯುವ ಗಿರಣಿಯೊಂದರಲ್ಲಿ ಇಂಥ ಇಬ್ಬರಾದರೂ ಇರುವದು ಸಂಭವನೀಯವೆಂದು ಇದರಿಂದ ಊಹಿಸಿಕೊಳ್ಳಬಹುದು.

ಎ.ಡಿ.ಎಚ್.ಡಿ. ಎಂಬುದು ಅಷ್ಟು ಪರಿಚಿತವಾದ ಹೆಸರಲ್ಲ. ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್ ಎಂಬುದರ ಮೊದಲಕ್ಷರಗಳಿವು. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ೧೯೦೨ರಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದ್ದರು. ಬಹುಕಾಲ ಇದು ಮಕ್ಕಳ ತೊಂದರೆಯೆಂದೇ ತಿಳಿಯಲಾಗಿತ್ತು. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುವದೆಂಬುದು ಈಗ ಖಚಿತವಾಗಿದೆ. ಇದು ನಡುವಯಸ್ಸಿನಲ್ಲಿ ಒಮ್ಮೆಲೆ ಬರುವಂಥದಲ್ಲ, ಅದರ ಲಕ್ಷಣಗಳು ೧೨ ವರ್ಷಕ್ಕಿಂತ ಮೊದಲೇ ತೋರಿರಬೇಕು. ವಂಶದಲ್ಲಿ ಹರಿದುಬರುವದೂ ಹೆಚ್ಚು. ಹೆಸರು ಕೇಳಿ, ಇವರಿಗೆ ಗಮನವೇ ಇಲ್ಲವೆಂದು ತಿಳಿಯಬಾರದು. ಮನಸ್ಸು ಹತ್ತಿದ ಕೆಲಸದಲ್ಲಿ ಇವರು ಊಟ ಮರೆತು ಕೂಡುವದುಂಟು. ಗಮನವೆಂಬ ಎತ್ತು ಇದೆ, ಬಲವಾಗಿಯೂ ಇದೆ. ಅದನ್ನು ಬೇಕಾದ ಸಾಲಿಗೆ ತಿರುಗಿಸುವ ಹಗ್ಗ ಮಾತ್ರ ಕೈಗೆ ಸಿಕ್ಕುವದಿಲ್ಲ. ಬಾಯಿಂದ ಹೇಳಿದ ನಾಲ್ಕು ಕೆಲಸಗಳಲ್ಲಿ ಎರಡು ಮರೆತಿರುತ್ತವೆ. ಒಂದು ತಾಸಿನ ಕೆಲಸಕ್ಕೆ ಹತ್ತು ನಿಮಿಷ ಸಾಕೆಂದು ತೋರುತ್ತದೆ. ಹುಡುಗರಾದರೆ ಶಾಲೆಯಲ್ಲಿ ಉಡಾಳರೆಂದು ಹೊಡೆತ ತಿಂದಿರುತ್ತಾರೆ. ಹುಡುಗಿಯರಲ್ಲಿ ಓಡಾಟ ಕಡಿಮೆ, ಒಳಗಿನ ಚಂಚಲತೆ ಹೆಚ್ಚು. ಆದ್ದರಿಂದ ಅವರದು ಯಾರ ಲಕ್ಷ್ಯಕ್ಕೂ ಬಾರದೆ ಹೋಗುವದೇ ಬಹಳ. ನಮ್ಮಂಥ ಹಳ್ಳಿಯ ಶಾಲೆಗಳಲ್ಲಿ ಇದರ ಹೆಸರನ್ನಾದರೂ ಯಾರು ಕೇಳಿದ್ದರು?

ಈ ಎರಡೂ ತೊಂದರೆಗಳು ಒಬ್ಬನಲ್ಲಿಯೇ ಸೇರಿ ಬರುವದು ವಿರಳವಲ್ಲ. ಚಿಕ್ಕಂದಿನಿಂದ ಬೈಗಳು, ಮರೆವು, ಮತ್ತೆ ಬೈಗಳು ಎಂಬ ಸುತ್ತಿನಲ್ಲಿ ಬೆಳೆದವನ ಮನಸ್ಸು ಒಂದು ದಿನ ಸೋತು ಕೂತರೆ ಆಶ್ಚರ್ಯವೇನು? ಮಾಲಕನು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ, ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎರಡಕ್ಕೂ ಬೇಕಾದ ನೆರವು ಒಂದೇ ತೆರನಾದುದಲ್ಲ. ಎ.ಡಿ.ಎಚ್.ಡಿ. ಉಳ್ಳವನಿಗೆ ಕಟ್ಟು ಬೇಕು. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ಹತ್ತಿರದ ಗಡುವು ಹಾಕಿ, ಚೀಟಿಯಲ್ಲಿ ಬರೆದು ಕೊಟ್ಟರೆ ಅವನು ಚುರುಕಾಗುತ್ತಾನೆ. "ತಿಂಗಳ ಕೊನೆಗೆ ಮುಗಿಸು" ಎಂದರೆ ತಿಂಗಳ ಕೊನೆಯ ರಾತ್ರಿ ಆರಂಭಿಸುತ್ತಾನೆ. ಗಿರಾಕಿಗಳು ಬಂದು ಹೋಗುವ ಬಾಗಿಲ ಬಳಿ ಅವನ ಮೇಜು ಇರಬಾರದು. ಒಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂಡಿಸಿದರೆ ಅದೇ ಅರ್ಧ ಔಷಧಿ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬಂದರೆ ಕೆಲಸಗಳ್ಳತನವೆಂದು ತಿಳಿಯಬಾರದು. ಮೊತ್ತಗಳನ್ನು ಇನ್ನೊಬ್ಬರು ತಾಳೆ ನೋಡುವ ಪದ್ಧತಿಯನ್ನು ಅವನೊಬ್ಬನಿಗಲ್ಲ, ಎಲ್ಲರಿಗೂ ಹಾಕಿದರೆ ಅವನಿಗೆ ಅವಮಾನವೂ ಇಲ್ಲ, ಅಂಗಡಿಗೆ ನಷ್ಟವೂ ಇಲ್ಲ. ತಪ್ಪಾದರೆ ಅಂದೇ, ಬೇರೆಯವರು ಇಲ್ಲದಾಗ ಹೇಳಬೇಕು. ಆರು ತಿಂಗಳ ತಪ್ಪುಗಳನ್ನು ಕೂಡಿಸಿಟ್ಟುಕೊಂಡು ದೀಪಾವಳಿಯ ಲೆಕ್ಕದ ದಿನ ಎಲ್ಲರ ಮುಂದೆ ಹೇಳಿದರೆ ಪ್ರಯೋಜನವಿಲ್ಲ.

ಖಿನ್ನತೆಯಲ್ಲಿರುವವನಿಗೆ ಹತ್ತಿರದ ಗಡುವು ಕೊರಳಿಗೆ ಕಲ್ಲು ಕಟ್ಟಿದಂತೆ. ಅವನಿಗೆ ಬೇಕಾದದ್ದು ಕೆಲಕಾಲ ಹಗುರಾದ ಹೊರೆ ಮತ್ತು ಅವಕಾಶ. ಹಲವರಿಗೆ ಮುಂಜಾನೆಯ ಹೊತ್ತೇ ಅತ್ಯಂತ ಕಠಿಣ, ಸಂಜೆಯ ಕಡೆಗೆ ಸ್ವಲ್ಪ ಗೆಲುವು. ಕೆಲವು ಔಷಧಿಗಳು ಬೆಳಗಿನಲ್ಲಿ ಮಂಪರು ತರುವದೂ ಉಂಟು. ಆದುದರಿಂದ ಒಂದು ತಾಸು ತಡವಾಗಿ ಬಂದು ಒಂದು ತಾಸು ತಡವಾಗಿ ಹೋಗಲು ಬಿಟ್ಟರೆ ಮಾಲಕನಿಗೆ ಖರ್ಚೇನೂ ಇಲ್ಲ. ಆದರೆ ದಯೆಯೆಂದುಕೊಂಡು ಅವನ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಳ್ಳಲಾಗದು. ಹಾಗೆ ಮಾಡಿದರೆ ಅವನ ಮನಸ್ಸು ಮೊದಲೇ ಹೇಳುತ್ತಿದ್ದ "ನೀನು ನಿರುಪಯೋಗಿ" ಎಂಬ ಮಾತಿಗೆ ಮಾಲಕನೇ ಸಾಕ್ಷಿ ನುಡಿದಂತಾಗುವದು. ಎರಡೂ ತೊಂದರೆಗಳಿರುವವನ ವಿಷಯದಲ್ಲಿ ಮೊದಲು ಹೊರೆ ಇಳಿಸಬೇಕು, ಅನಂತರ ಉಳಿದ ಹೊರೆಯನ್ನು ತುಂಡು ಮಾಡಬೇಕು. ಮೊದಲೇ ತುಂಡು ಮಾಡಿ ಗಡುವು ಹಾಕಿದರೆ ಹತ್ತು ಚಿಕ್ಕ ಸೋಲುಗಳನ್ನು ಕೈಗೆ ಕೊಟ್ಟಂತೆಯೇ.

ಇದೆಲ್ಲ ಪುಸ್ತಕದ ಮಾತೆಂದು ಕೆಲವರು ಅನ್ನಬಹುದು. ನನ್ನ ಕಾಕಾ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅಕ್ಷರ ಮುತ್ತಿನಂತೆ. ಒಂದು ಸುಗ್ಗಿಯಲ್ಲಿ ಅವರ ಕಿರ್ದಿ ನಾಲ್ಕು ದಿನ ಹಿಂದೆ ಬಿತ್ತು. ಮುಂದೆ ಹತ್ತು ದಿನ ಬಿತ್ತು. ಮನೆಯಲ್ಲಿ ಮಾತು ನಿಂತಿತು. ಅಂಗಡಿಯವರು ಹಮಾಲರ ಎದುರಿಗೇ, "ಇವಗ ಧಾರವಾಡಕ್ಕ ಕಳಸ್ರಿ" ಎಂದು ನಕ್ಕು ಲೆಕ್ಕ ಮಾಡಿ ಪಗಾರ ಕೊಟ್ಟು ಕಳಿಸಿಬಿಟ್ಟರು. ಕಾಕಾ ನಿಜವಾಗಿಯೂ ಧಾರವಾಡಕ್ಕೆ ಹೋದದ್ದು ಅದಾಗಿ ಏಳು ತಿಂಗಳಿಗೆ, ನಮ್ಮ ಅಪ್ಪನ ಕೈ ಹಿಡಿದುಕೊಂಡು. (ಧಾರವಾಡದ ಆ ಆಸ್ಪತ್ರೆ ೧೮೪೫ರಷ್ಟು ಹಳೆಯದು, ಈಗ ಅದು ಡಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆ. ಅದರ ಊರಿನ ಹೆಸರನ್ನೇ ನಾವು ಬೈಗಳನ್ನಾಗಿ ಮಾಡಿಕೊಂಡದ್ದು ನಮ್ಮ ಸೀಮೆಯ ದುರ್ದೈವ.) ಚಿಕಿತ್ಸೆ ನಡೆದಿರುವಾಗಲೇ ಬೇರೊಬ್ಬ ವ್ಯಾಪಾರಸ್ಥರು ಅವರನ್ನು ಕೆಲಸಕ್ಕೆ ಕರೆದರು. ಅವರಿಗೆ ಮನಶ್ಶಾಸ್ತ್ರ ಗೊತ್ತಿರಲಿಲ್ಲ. ಎರಡು ವಾರ ಸುಮ್ಮನೆ ನೋಡಿ ಅವರು ಹೇಳಿದ್ದು ಇಷ್ಟೇ: "ಮುಂಜಾನಿ ಕಿರ್ದಿ ಬ್ಯಾಡಪಾ, ತೂಕದ ಹತ್ರ ನಿಂದ್ರು ಸಾಕು. ಕಿರ್ದಿ ಮಧ್ಯಾಹ್ನದ ಮ್ಯಾಲ ಬರಿ. ದವಾಖಾನಿಗೆ ಹೋಗೋ ದಿನ ಮೊದಲ ಹೇಳು." ಕಾಕಾ "ಆಗಲ್ರೀ ಸಾವಕಾರ್ರ" ಎಂದರಂತೆ. ಮೂರು ತಿಂಗಳಲ್ಲಿ ಕಿರ್ದಿ ಮೊದಲಿನ ಹಾಗೆ ದಿನದ್ದು ದಿನಕ್ಕೆ ಆಗತೊಡಗಿತು. ಔಷಧಿ ತನ್ನ ಕೆಲಸ ಮಾಡಿತು, ಅದನ್ನು ನಾನು ಕಡಿಮೆ ಮಾಡಿ ಹೇಳುವದಿಲ್ಲ. ಆದರೆ ಔಷಧಿ ತನ್ನ ಕೆಲಸ ಮಾಡುವಷ್ಟು ಕಾಲ ಮನೆಗೆ ಪಗಾರ ಬರುತ್ತಿತ್ತೆಂಬುದೂ ಮುಖ್ಯವೇ.

ಮಾಲಕನು ವೈದ್ಯನಾಗಬೇಕಿಲ್ಲ, ಆಗಲೂ ಬಾರದು. "ಮದುವೆ ಮಾಡಿ ಬಿಡ್ರಿ, ಸರಿ ಹೋಗ್ತಾನ" ಎನ್ನುವ ಸಲಹೆ, ಗುಳಿಗೆ ಬಿಡೆಂಬ ಉಪದೇಶ, ಮನೆಯವರನ್ನು ಕರೆಸಿ ಮಾಡುವ ಪಂಚಾಯತಿ, ಇವು ಅವನ ಅಧಿಕಾರಕ್ಕೆ ಸೇರಿದವಲ್ಲ. ಕೆಲಸದ ಹೊತ್ತು, ಜಾಗ, ಪ್ರಮಾಣ, ಹೇಳುವ ರೀತಿ, ಇವು ಮಾತ್ರ ಅವನ ಕೈಯಲ್ಲಿರುವವು. ಅವನ್ನು ಬದಲಿಸಿದರೆ ಸಾಕು.

ಕಾನೂನು ಕೂಡ ಈಗ ಇದನ್ನೇ ಹೇಳುತ್ತದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ದೇಹದ ಊನಗಳ ಜೊತೆಗೆ ಮಾನಸಿಕ ಅಸ್ವಸ್ಥತೆಯನ್ನೂ ಅದು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಎಂಬ ಪ್ರತ್ಯೇಕ ಹೆಸರಿಲ್ಲ, ಇದೊಂದು ಕೊರತೆಯೇ ಸರಿ. ನೌಕರನ ಅಗತ್ಯಕ್ಕೆ ತಕ್ಕಂತೆ, ಕೆಲಸ ಕೊಟ್ಟವರಿಗೆ ಮಿತಿಮೀರಿದ ಭಾರವಾಗದ ಹಾಗೆ, ಕೆಲಸದ ವ್ಯವಸ್ಥೆಯಲ್ಲಿ ಮಾಡುವ ಯೋಗ್ಯ ಮಾರ್ಪಾಟನ್ನು ಸಮಂಜಸ ಹೊಂದಾಣಿಕೆ ಎನ್ನಬಹುದು. ಸರಕಾರಿ ಸಂಸ್ಥೆಗಳು ಇದನ್ನು ಒದಗಿಸಲೇಬೇಕು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವನನ್ನು ಕೆಲಸದಿಂದ ತೆಗೆಯುವದಾಗಲಿ ದರ್ಜೆ ಇಳಿಸುವದಾಗಲಿ ಕೂಡದು. ಹಳೆಯ ಹುದ್ದೆ ಅವನಿಂದ ಆಗದಿದ್ದರೆ ಅದೇ ಪಗಾರದ ಬೇರೆ ಹುದ್ದೆಗೆ ಹಾಕಬೇಕು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲವೆಂಬುದಕ್ಕೆ ರವೀಂದರ್ ಕುಮಾರ್ ಧಾರಿವಾಲ್ ಎಂಬವರ ಮೊಕದ್ದಮೆ ಸಾಕ್ಷಿ. ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಅಧಿಕಾರಿಯಾದ ಇವರಿಗೆ ಗೀಳು ಮನೋರೋಗವೂ ಖಿನ್ನತೆಯೂ ಇದ್ದವು. ಅವರ ವರ್ತನೆಯನ್ನು ಕುರಿತು ಇಲಾಖೆಯು ಶಿಸ್ತುಕ್ರಮ ಆರಂಭಿಸಿತು. ೨೦೨೧ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ರದ್ದುಪಡಿಸಿ, ವರ್ತನೆಗೆ ಮನೋವ್ಯಾಧಿಯು ಒಂದು ಕಾರಣವಾಗಿದ್ದರೂ ಸಾಕು, ಶಿಸ್ತುಕ್ರಮವು ತಾರತಮ್ಯವಾಗುವದೆಂಬ ನಿಲುವನ್ನು ತಳೆಯಿತು. ಬೇಕಾದರೆ ಅವರಿಗೆ ಬಂದೂಕಿನ ಸಂಬಂಧವಿಲ್ಲದ ಬೇರೆ ಹುದ್ದೆ ಕೊಡಬಹುದು, ಪಗಾರ ಮಾತ್ರ ಕಡಿಮೆಯಾಗಬಾರದೆಂದಿತು. ಪಡೆಯ ಸುರಕ್ಷಿತತೆಯೂ ಉಳಿಯಿತು, ಮನುಷ್ಯನ ಅನ್ನವೂ ಉಳಿಯಿತು. ನಮ್ಮ ಕಾಕಾನನ್ನು ತೂಕದ ಬಳಿ ನಿಲ್ಲಿಸಿದ ವ್ಯಾಪಾರಸ್ಥರ ಬುದ್ಧಿಯೂ ಇದೇ ಜಾತಿಯದು.

ಮೇಲ್ವಿಚಾರಕರಿಗೆ ಇದನ್ನೆಲ್ಲ ತಿಳಿಸುವವರು ಯಾರೆಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ನಮ್ಮ ಹೊಳೆಯ ಆಚೆ ದಂಡೆಯಲ್ಲಿಯೇ ಇದೆ. ನಮ್ಮೂರು ಕೊರ್ಲಹಳ್ಳಿಯ ಬಳಿ ತುಂಗಭದ್ರೆಯ ಸೇತುವೆ ದಾಟಿದರೆ ಹೂವಿನಹಡಗಲಿ ತಾಲೂಕು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಅದು ೨೦೨೧ರ ವರೆಗೆ ಬಳ್ಳಾರಿ ಜಿಲ್ಲೆಯದಾಗಿತ್ತು. ಆ ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಸರಕಾರದೊಡನೆ ಸೇರಿ ಒಂದು ಪ್ರಯೋಗ ನಡೆಸಿತು. ಮನೋವೈದ್ಯರು ಎಲ್ಲ ಊರಿಗೂ ಸಿಕ್ಕುವ ಹಾಗಿರಲಿಲ್ಲ. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಮನೋವ್ಯಾಧಿಯನ್ನು ಗುರುತಿಸುವದನ್ನೂ ಕೆಲವೇ ಔಷಧಿಗಳಿಂದ ಉಪಚರಿಸುವದನ್ನೂ ಕಲಿಸಲಾಯಿತು. ಬಳ್ಳಾರಿ ಮಾದರಿಯೆಂದು ಹೆಸರಾದ ಇದರ ಆಧಾರದ ಮೇಲೆಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನೆಮನೆ ತಿರುಗುವ ಕಾರ್ಯಕರ್ತೆಗೆ ಖಿನ್ನತೆಯನ್ನು ಗುರುತಿಸಲು ಕಲಿಸಬಹುದಾದರೆ, ಗಿರಣಿಯ ಮುಕಾದಮನಿಗೆ, ಬಸ್ ಡಿಪೋದ ಅಧಿಕಾರಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ ಏಕೆ ಕಲಿಸಬಾರದು? ಚಿಕಿತ್ಸೆ ಮಾಡಲಿಕ್ಕಲ್ಲ, ಗುರುತಿಸಿ ಸಮಾಧಾನದಿಂದ ಮಾತಾಡಿಸಿ ದವಾಖಾನೆಗೆ ದಾರಿ ತೋರಿಸಲಿಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೇಲ್ವಿಚಾರಕರ ತರಬೇತಿಯನ್ನು ಸ್ಪಷ್ಟವಾಗಿ ಹೇಳಿದೆ. ಖಿನ್ನತೆ ಮತ್ತು ಆತಂಕಗಳಿಂದ ಜಗತ್ತಿನಲ್ಲಿ ವರುಷಕ್ಕೆ ೧,೨೦೦ ಕೋಟಿ ಕೆಲಸದ ದಿನಗಳು ಹಾಳಾಗುವವೆಂದು ಅದೇ ಸಂಸ್ಥೆಯ ಅಂದಾಜು. ಕರುಣೆಗೆ ಕಿವಿಗೊಡದ ಮಾಲಕರು ಈ ಲೆಕ್ಕಕ್ಕಾದರೂ ಕಿವಿಗೊಡಬಹುದು.

ಇನ್ನು ನೌಕರನು ತನ್ನ ತೊಂದರೆಯನ್ನು ಮಾಲಕನಿಗೆ ಹೇಳಬೇಕೋ ಬೇಡವೋ ಎಂಬ ಕಠಿಣ ವಿಷಯ. ಬೆಂಗಳೂರಿನಲ್ಲಿ ಬೆಳೆದ ಚಿತ್ರತಾರೆ ದೀಪಿಕಾ ಪಡುಕೋಣೆ ೨೦೧೫ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಅದೇ ವರ್ಷ ಅವರು ಸ್ಥಾಪಿಸಿದ ಸಂಸ್ಥೆಯು ಮುಂದೆ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿಯೂ ಕೆಲಸ ಮಾಡಿತು. ಅವರ ಧೈರ್ಯ ದೊಡ್ಡದೇ. ಆದರೆ ತಾರೆಯೊಬ್ಬರು ಹೇಳಿದರೆ ವೃತ್ತಪತ್ರಿಕೆಗಳು ಮೆಚ್ಚುತ್ತವೆ. ೧೨,೦೦೦ ರೂಪಾಯಿ ಪಗಾರದ ಹುಡುಗ ಹೇಳಿದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿ ಸುದ್ದಿಯಾಗುತ್ತದೆ, ಮರುತಿಂಗಳು ಅವನ ತಂಗಿಗೆ ನೋಡಲು ಬರಬೇಕಾದ ವರನ ಕಡೆಯವರು ಬರುವದಿಲ್ಲ. ಚಿಕ್ಕ ಊರಿನಲ್ಲಿ ಗುಟ್ಟು ಉಳಿಯುವದು ಕಷ್ಟ. ಆದ್ದರಿಂದ ಎಲ್ಲರೂ ಧೈರ್ಯವಾಗಿ ಹೇಳಿರೆಂದು ಉಪದೇಶಿಸಲು ನನಗೆ ಮನಸ್ಸು ಬಾರದು. ಕಾಯಿಲೆಯ ಹೆಸರು ಹೇಳದೆಯೂ ಬೇಕಾದುದನ್ನು ಕೇಳಬಹುದು: "ಸಾಹೇಬರ, ಕೆಲಸ ಬರದು ಕೊಟ್ರ ನನಗ ಛಲೋ ಆಗತೈತ್ರಿ." ಗುಟ್ಟು ಕಾಪಾಡುವ ಹೊಣೆ ಮಾಲಕನ ಮೇಲೆಯೇ ಹೆಚ್ಚು. ಒಬ್ಬ ನೌಕರನ ವಿಷಯ ಹೊರಬಿದ್ದರೆ ಮುಂದಿನ ಹತ್ತು ಮಂದಿ ಬಾಯಿ ಹೊಲಿದುಕೊಳ್ಳುತ್ತಾರೆ.

ದೊಡ್ಡ ಕಂಪನಿಗಳು ಸಲಹೆಗಾರರನ್ನು ನೇಮಿಸಿಕೊಳ್ಳಬಹುದು. ಗದಗಿನ ಮುದ್ರಣಾಲಯಕ್ಕೆ, ಬೆಟಗೇರಿಯ ನೇಕಾರನಿಗೆ, ಮುಂಡರಗಿಯ ಬಟ್ಟೆ ಅಂಗಡಿಗೆ ಅದು ಸಾಧ್ಯವೇ ಎಂದು ಕೇಳಬಹುದು. ಒಬ್ಬೊಬ್ಬರಿಗೆ ಸಾಧ್ಯವಿಲ್ಲ. ಆದರೆ ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವದು ನಮ್ಮ ಜಿಲ್ಲೆಗೆ ಹೊಸದಲ್ಲ. ೧೯೦೫ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಸೇರಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದು ಇದೇ ನೆಲದಲ್ಲಿ. ಮಾರುಕಟ್ಟೆಯ ವರ್ತಕರ ಸಂಘದವರು ತಿಂಗಳಿಗೊಮ್ಮೆ ಒಬ್ಬ ಆಪ್ತಸಲಹೆಗಾರರನ್ನು ಕರೆಸುವದು ದೊಡ್ಡ ವೆಚ್ಚದ ಮಾತಲ್ಲ. ಇನ್ನು ರಜೆಯ ವಿಷಯ. ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಂತೆ ಅಂಗಡಿಯ ನೌಕರನಿಗೆ ಕಾಯಿಲೆ ಮುಂತಾದ ಕಾರಣಗಳಿಗಾಗಿ ವರ್ಷಕ್ಕೆ ೧೨ ದಿನಗಳ ಸಂಬಳಸಹಿತ ರಜೆಯುಂಟು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ಧಾರವಾಡಕ್ಕೆ ಹೋಗಿ ಬರುವ ದಿನವನ್ನು ಅದರಲ್ಲಿ ಹಿಡಿಯಲು ಮಾಲಕನು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ. ಹಾದಿಯ ಖರ್ಚಿಗೆ ಕೈಯಲ್ಲಿ ಹಣವಿಲ್ಲದವನು ಮೊದಲು ಫೋನಿನಲ್ಲಿಯೇ ಮಾತಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ ೧೪೪೧೬. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಮೇಲಿನ ಗೋಡೆಗೆ ಅಂಟಿಸಿದರೆ ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ತಿಳಿಸಿದಂತಾಗುವದು. ಯಾರಾದರೂ ಬದುಕು ಸಾಕೆಂಬ ಮಾತಾಡಿದರೆ ಮಾತ್ರ ಅದನ್ನು ಹಗುರಾಗಿ ತೆಗೆದುಕೊಳ್ಳದೆ, ಒಬ್ಬರನ್ನೇ ಬಿಡದೆ, ಆ ಕ್ಷಣವೇ ಮನೆಯವರನ್ನೂ ವೈದ್ಯರನ್ನೂ ಕರೆಯಬೇಕು. ಅಲ್ಲಿ ಗುಟ್ಟಿನ ನಿಯಮ ನಿಲ್ಲುತ್ತದೆ.

ಕಡೆಯದಾಗಿ ರಾಜೀನಾಮೆಯ ವಿಷಯ. ಖಿನ್ನತೆಯಲ್ಲಿರುವವನು ಒಂದು ದಿನ ತಾನಾಗಿಯೇ ಬಂದು, "ನನ್ನಿಂದ ನಿಮಗ ಲುಕ್ಸಾನ ಆಗಾಕತ್ತೈತ್ರಿ, ಬಿಟ್ಟ ಬಿಡ್ತೀನ್ರಿ" ಎಂದು ಚೀಟಿ ಬರೆದು ಕೊಡುವದು ಅನೇಕ ಸಲ ನಡೆಯುತ್ತದೆ. ಕಾಯಿಲೆಯೇ ಆ ಚೀಟಿ ಬರೆಸಿರುತ್ತದೆ. ಮಾಲಕನಿಗೆ ಅದು ಸುಲಭದ ದಾರಿಯಾಗಿ ಕಾಣುವದು ಸಹಜ. ಆದರೂ ಆ ಚೀಟಿಯನ್ನು ಮೇಜಿನ ಖಾನೆಯಲ್ಲಿ ಇಟ್ಟು, ರಜೆ ಕೊಟ್ಟು ಕಳಿಸಬೇಕು. ಖಿನ್ನತೆಯ ಔಷಧಿಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಹೆಚ್ಚೂ ಬೇಕಾಗುತ್ತದೆ. ಗುಣವಾದ ಮೇಲೂ ಆರು ತಿಂಗಳಾದರೂ ವೈದ್ಯರು ಅದನ್ನು ಮುಂದುವರಿಸುತ್ತಾರೆ. ಅಷ್ಟರಲ್ಲಿ ವಾರಕ್ಕೊಮ್ಮೆ ಫೋನು ಮಾಡಿ "ಹ್ಯಾಂಗ ಅದಿಯಪಾ, ಅವಸರ ಏನಿಲ್ಲ" ಎಂದರೆ ಸಾಕು, ಬಾಕಿ ಲೆಕ್ಕದ ಮಾತು ಬೇಡ. ತಿರುಗಿ ಬಂದ ಮೊದಲ ವಾರ ಅರ್ಧ ದಿನದ ಕೆಲಸ ಕೊಟ್ಟು, ಎರಡನೆಯ ವಾರದ ಕೊನೆಗೆ ಅವನನ್ನೇ ಕೇಳಿ ಹೆಚ್ಚಿಸಬೇಕು. ಅವನ ಕುರ್ಚಿಯಲ್ಲಿ ಬೇರೆಯವರನ್ನು ಕೂಡಿಸಿದ್ದರೆ ಅವನು ಬರುವ ಹಿಂದಿನ ದಿನವೇ ಎಬ್ಬಿಸಬೇಕು. ಆ ಹಳೆಯ ಚೀಟಿ ಬೇಕೋ ಬೇಡವೋ ಎಂಬುದನ್ನು ಅವನು ಪೂರಾ ಗುಣವಾದ ಮೇಲೆ ಕೇಳಿದರಾಯಿತು.